ಚಳಿ ಮಳೆಯಲ್ಲಿ ಫುಟ್‌ಬಾಲ್ ನೋಡಲು ಹೊರಟವರಿಗೆ: ಪಾದದಿಂದ ನೆತ್ತಿಯವರೆಗೆ ಏನು ತೊಡಬೇಕು

ಇಂಗ್ಲೆಂಡಿಗೆ ಓದಲೆಂದೋ ಕೆಲಸಕ್ಕೆಂದೋ ಬರುವ ನಮ್ಮ ಕಡೆಯವರು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ ಬಂದಿಳಿಯುತ್ತಾರೆ. ಅಕ್ಟೋಬರಿನಲ್ಲಿ ಒಂದು ದಪ್ಪ ಜರ್ಕಿನ್ ಕೊಳ್ಳುತ್ತಾರೆ. ಡಿಸೆಂಬರ್ ಹೊತ್ತಿಗೆ ಹೇಗೋ ಒಂದು ಟಿಕೆಟ್ ಗಿಟ್ಟಿಸಿಕೊಂಡು ಸ್ಟೇಡಿಯಂಗೆ ಹೋಗಿ, ಅರ್ಧ ಆಟ ಮುಗಿಯುವಷ್ಟರಲ್ಲಿ ಹಲ್ಲು ಕಟಕಟ ಎನ್ನಿಸುತ್ತಾ ಕೂತಿರುತ್ತಾರೆ. ಮೈಮೇಲೆ ನೂರು ಪೌಂಡಿನ ಜರ್ಕಿನ್ ಇರುತ್ತದೆ; ಸೊಂಟದಿಂದ ಕೆಳಗೆ ಜೀನ್ಸ್, ಕಾಟನ್ ಸಾಕ್ಸ್, ಬಟ್ಟೆಯ ಸ್ನೀಕರ್. ಗಡಗಡ ನಡುಗಿದ್ದಕ್ಕೆ ಜರ್ಕಿನ್ನನ್ನೇ ಬೈದು, ಮುಂದಿನ ವಾರ ಇನ್ನೂ ದಪ್ಪದ್ದು ಹುಡುಕುತ್ತಾರೆ.

ಹಾಗಾಗಿ ಇಲ್ಲಿ ಕ್ರಮವನ್ನು ತಿರುವಿ ಹಾಕಿದ್ದೇನೆ. ಮೊದಲು ಪಾದ, ಆಮೇಲೆ ಕೂರುವ ಜಾಗ, ಕಾಲು, ಮೈ. ಜರ್ಕಿನ್ನಿನ ಸರದಿ ಅವೆಲ್ಲ ಆದ ಮೇಲೆ. ಕೈಯಲ್ಲಿರುವ ದುಡ್ಡನ್ನೂ ಇದೇ ಕ್ರಮದಲ್ಲಿ ಖರ್ಚು ಮಾಡಿ. ಉದಾಹರಣೆಗಳು ಮ್ಯಾಂಚೆಸ್ಟರ್ ಮತ್ತು ಅದರ ಸುತ್ತಮುತ್ತಲಿನವು. ನೀವು ಗ್ಲ್ಯಾಸ್ಗೊದಲ್ಲಿದ್ದರೂ ನ್ಯೂಕ್ಯಾಸಲ್‌ನಲ್ಲಿದ್ದರೂ ಲೆಕ್ಕ ಅದೇ, ಚಳಿ ಮಾತ್ರ ತುಸು ಜಾಸ್ತಿ.

ಮೊದಲು ಲೆಕ್ಕ: ಕೂತು ನೋಡುವವರಿಗೇ ಏಕೆ ಹೆಚ್ಚು ಚಳಿ

ಡಿಸೆಂಬರಿನ ಮ್ಯಾಂಚೆಸ್ಟರ್‌ನಲ್ಲಿ ಹಗಲಿನ ಗರಿಷ್ಠ ತಾಪಮಾನ ಸರಾಸರಿ 7 ಡಿಗ್ರಿ, ರಾತ್ರಿ 2 ಡಿಗ್ರಿ ಆಸುಪಾಸು. ಫೋನಿನಲ್ಲಿ 7 ಅಂತ ನೋಡಿದಾಗ ‘ಅಷ್ಟೇನಾ’ ಅನ್ನಿಸುತ್ತದೆ, ಏಕೆಂದರೆ ಆಫೀಸಿಗೆ ನಡೆದುಹೋಗುವಾಗ 7 ಡಿಗ್ರಿ ಅಂಥ ತೊಂದರೆ ಕೊಡುವುದಿಲ್ಲ. ಬಿರುಸಾಗಿ ನಡೆಯುವ ಮೈ, ಸುಮ್ಮನೆ ಕೂತ ಮೈಗಿಂತ ಮೂರು ಪಟ್ಟು ಶಾಖ ಹುಟ್ಟಿಸುತ್ತದೆ. ಕೂತಾಗ ಸಿಗುವುದು ಬರೀ 100 ವ್ಯಾಟ್‌ನಷ್ಟು. ನಡೆಯುವಾಗ ಸಾಕಾದ ಬಟ್ಟೆ ಕೂತಾಗ ಸಾಕಾಗದಿರುವುದಕ್ಕೆ ಇದೇ ಕಾರಣ.

ಇನ್ನು ಹೊತ್ತಿನ ಮಾತು. ಎರಡು ಅರ್ಧಗಳ 90 ನಿಮಿಷ, ನಡುವಿನ 15 ನಿಮಿಷ, ಹೆಚ್ಚುವರಿ ನಿಮಿಷಗಳು ಸೇರಿದರೆ ಎರಡು ಗಂಟೆಗೆ ಹತ್ತಿರ. ಅರ್ಧ ಗಂಟೆ ಮೊದಲೇ ಒಳಗೆ ಹೋಗಿ, ಆಮೇಲೆ ಟ್ರ್ಯಾಮ್ ಸಾಲಿನಲ್ಲಿ ನಿಂತರೆ ಮೂರು ಗಂಟೆ ದಾಟುತ್ತದೆ. ಶನಿವಾರ ಮಧ್ಯಾಹ್ನ 3 ಗಂಟೆಯ ಪಂದ್ಯ ಎಂದರೆ ಬಿಸಿಲಿನ ಆಟ ಅಂದುಕೊಳ್ಳಬೇಡಿ. ಡಿಸೆಂಬರ್ ನಡುಭಾಗದಲ್ಲಿ ಇಲ್ಲಿ ಸೂರ್ಯ 3:50ಕ್ಕೆಲ್ಲ ಮುಳುಗುತ್ತಾನೆ. ಎರಡನೇ ಅರ್ಧ ಪೂರ್ತಿ ಕತ್ತಲೆಯಲ್ಲಿ, ದೀಪದ ಬೆಳಕಿನಲ್ಲಿ. ವಾರದ ನಡುವಿನ ರಾತ್ರಿ ಪಂದ್ಯವಾದರೆ ಮುಗಿಯುವಾಗ ಹತ್ತು ಗಂಟೆ.

ಇದಕ್ಕೆ ಮಳೆ ಸೇರಿದರೆ ಕಥೆಯೇ ಬೇರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಆ ಜಾಗಕ್ಕೆ ನೀರು ಬಂತೆಂದರೆ ಬಟ್ಟೆ ನಿಮ್ಮ ಶಾಖವನ್ನು ಹೊರಗೆ ಸಾಗಿಸುವ ಕೆಲಸಕ್ಕೆ ಇಳಿಯುತ್ತದೆ. ಮೈನಸ್ 3 ಡಿಗ್ರಿಯ ಒಣ ದಿನಕ್ಕಿಂತ 4 ಡಿಗ್ರಿಯ ಜಿಟಿಜಿಟಿ ದಿನ ಹೆಚ್ಚು ಕಷ್ಟ ಎಂದು ಇಲ್ಲಿನ ಹಳಬರು ಹೇಳುವುದು ಸುಮ್ಮನೆ ಅಲ್ಲ.

ಒಂದು ಕಾಲದಲ್ಲಿ ಇಲ್ಲಿ ಬಹುಪಾಲು ಜನ ಕಾಂಕ್ರೀಟ್ ಮೆಟ್ಟಿಲುಗಳ ಮೇಲೆ ಭುಜಕ್ಕೆ ಭುಜ ಒತ್ತಿ ನಿಂತೇ ಆಟ ನೋಡುತ್ತಿದ್ದರು. ನಿಂತವರ ನೂಕುನುಗ್ಗಲಿನಲ್ಲಿ ಅನೇಕರು ಸತ್ತ 1989ರ ಹಿಲ್ಸ್‌ಬರೊ ಸ್ಟೇಡಿಯಂ ದುರಂತದ ನಂತರ, 1990ರ ಟೇಲರ್ ವರದಿಯ ಶಿಫಾರಸಿನಂತೆ ಮೇಲಿನ ಎರಡು ಡಿವಿಜನ್‌ಗಳ ಸ್ಟೇಡಿಯಂಗಳಿಗೆಲ್ಲ ಕುರ್ಚಿ ಬಂತು. ಜೀವಗಳ ಲೆಕ್ಕದಲ್ಲಿ ಅದು ಸರಿಯಾದ ತೀರ್ಮಾನವೇ. ಚಳಿಯ ಮಟ್ಟಿಗೆ ಮಾತ್ರ, ಗುಂಪಿನ ಶಾಖ ಹೋಗಿ ತಣ್ಣನೆಯ ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. 2022ರ ಜನವರಿಯಿಂದ ಕೆಲವು ಕ್ಲಬ್‌ಗಳಲ್ಲಿ ಕಂಬಿ ಇರುವ ‘ಸೇಫ್ ಸ್ಟ್ಯಾಂಡಿಂಗ್’ ಜಾಗಗಳು ಬಂದಿವೆ. ಸಿಕ್ಕರೆ ಅಲ್ಲಿನ ಟಿಕೆಟ್ ತೆಗೆದುಕೊಳ್ಳಿ. ನಿಂತು, ಕುಣಿದು, ಹಾಡುವವರಿಗೆ ಚಳಿ ಕಡಿಮೆ.

ಹಂತ 1: ಟಿಕೆಟ್ ಮತ್ತು ಹವಾಮಾನ ನೋಡುವುದು

ಉಡುಪಿನ ವಿಚಾರ ಟಿಕೆಟ್ ಕೊಳ್ಳುವಾಗಲೇ ಶುರುವಾಗುತ್ತದೆ. ‘ಛಾವಣಿ ಇದೆಯಲ್ಲ’ ಎಂದು ನೆಚ್ಚಿಕೊಳ್ಳಬೇಡಿ. ಇಲ್ಲಿನ ಮಳೆ ನೆಟ್ಟಗೆ ಬೀಳುವುದು ಅಪರೂಪ, ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. ಕೆಳ ಹಂತದ ಮುಂದಿನ ಸಾಲುಗಳು ಆಟಗಾರರಿಗೆ ಹತ್ತಿರ, ಮಳೆಗೂ ಅಷ್ಟೇ ಹತ್ತಿರ. ಅಲ್ಲಿನ ಟಿಕೆಟ್ ಸಿಕ್ಕಿದ್ದರೆ ತೆರೆದ ಬಯಲಿನಲ್ಲಿ ಕೂರುವವರ ಹಾಗೆಯೇ ತಯಾರಾಗಿ. ಛಾವಣಿಯ ಕೆಳಗೆ ಹಿಂದಿನ ಸಾಲುಗಳಿಗೆ ನೀರು ತಲುಪುವುದು ಕಡಿಮೆ, ಆದರೆ ಮೇಲಿನ ಹಂತದ ಮೂಲೆಗಳಲ್ಲಿ ಗಾಳಿ ಸುಯ್ಯೆನ್ನುತ್ತದೆ. ಛಾವಣಿಯೇ ಕೈಕೊಡುವುದೂ ಉಂಟು: 2024ರ ಮೇ 12ರಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಆರ್ಸೆನಲ್ ಪಂದ್ಯದ ದಿನ ಛಾವಣಿಯ ಮೂಲೆಯಿಂದ ನೀರು ಧಾರಾಕಾರವಾಗಿ ಸುರಿದದ್ದನ್ನು ಇಡೀ ಜಗತ್ತು ವಿಡಿಯೊದಲ್ಲಿ ನೋಡಿತು. ಅದು ಮೇ ತಿಂಗಳು, ಅಂದರೆ ಬೇಸಿಗೆಯ ಬಾಗಿಲು!

ಹವಾಮಾನ ನೋಡುವಾಗ ಬರೀ ತಾಪಮಾನ ನೋಡಬೇಡಿ. ಇಲ್ಲಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸಿನ ಆ್ಯಪ್‌ನಲ್ಲಿ ಗಂಟೆ ಗಂಟೆಗೆ ‘ಫೀಲ್ಸ್ ಲೈಕ್’ ಎಂಬ ಇನ್ನೊಂದು ಅಂಕಿ ಇರುತ್ತದೆ. ಗಾಳಿ ಮತ್ತು ತೇವವನ್ನು ಲೆಕ್ಕಕ್ಕೆ ಹಿಡಿದದ್ದು ಅದೇ. ಪಂದ್ಯ ಮುಗಿಯುವ ಹೊತ್ತಿನ ಅಂಕಿ ನೋಡಿ, ಶುರುವಾಗುವ ಹೊತ್ತಿನದಲ್ಲ. ಆ ಅಂಕಿಯಿಂದ ಇನ್ನೂ ಐದು ಡಿಗ್ರಿ ಕಳೆದು ಬಟ್ಟೆ ಆರಿಸಿಕೊಳ್ಳಿ. ಇದು ವಿಜ್ಞಾನದ ಸೂತ್ರವೇನಲ್ಲ, ನನ್ನ ಅಂದಾಜು. ಕೂತೇ ಇರುವವರಿಗೆ ಸರಿಹೊಂದುತ್ತದೆ.

ಹೊರಡುವ ಮುನ್ನ ಪಂದ್ಯ ನಡೆಯುತ್ತದೆಯೇ ಎಂದು ಕ್ಲಬ್ಬಿನ ಪ್ರಕಟಣೆ ನೋಡಿ. 2024ರ ಡಿಸೆಂಬರ್ 7ರಂದು ಡ್ಯಾರಾ ಚಂಡಮಾರುತದಿಂದಾಗಿ ಎವರ್ಟನ್–ಲಿವರ್‌ಪೂಲ್ ಪಂದ್ಯವನ್ನು ಅದೇ ದಿನ ಬೆಳಿಗ್ಗೆ ಮುಂದೂಡಿದರು. ಕೆಳಗಿನ ಲೀಗ್‌ಗಳಲ್ಲಿ ನೆಲ ಹೆಪ್ಪುಗಟ್ಟಿತೆಂದೋ ನೀರು ನಿಂತಿತೆಂದೋ ಪಂದ್ಯ ನಿಲ್ಲುವುದು ಮಾಮೂಲು. 1963ರ ಭೀಕರ ಚಳಿಗಾಲದಲ್ಲಿ ಇಲ್ಲಿನ ಹಳೆಯ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್‌ನ ಮೂರನೇ ಸುತ್ತು ಮುಗಿಯಲು 66 ದಿನ ಹಿಡಿದಿತ್ತು. ಈಗ ದೊಡ್ಡ ಕ್ಲಬ್‌ಗಳ ಹುಲ್ಲಿನ ಕೆಳಗೆ ಬಿಸಿನೀರಿನ ಕೊಳವೆಗಳಿವೆ. ಎವರ್ಟನ್ ಕ್ಲಬ್ 1958ರಲ್ಲೇ ನೆಲದಡಿ ತಂತಿ ಹಾಕಿ ಮೈದಾನ ಬೆಚ್ಚಗಿಡುವ ಪ್ರಯತ್ನ ಮಾಡಿತ್ತು. ಹುಲ್ಲಿಗೆ ಸಿಕ್ಕ ಈ ಭಾಗ್ಯ ಟಿಕೆಟ್ ಕೊಂಡವರಿಗೆ ಇನ್ನೂ ಸಿಕ್ಕಿಲ್ಲ.

ಹಂತ 2: ಪಾದ

ಅತಿ ಹೆಚ್ಚು ಗಮನ ಕೊಡಬೇಕಾದ್ದು ಇಲ್ಲಿ. ಮೂರು ಗಂಟೆ ನಿಮ್ಮ ಪಾದ ಹಸಿ ಕಾಂಕ್ರೀಟಿನ ಮೇಲಿರುತ್ತದೆ. ಕಾಂಕ್ರೀಟ್ ಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಅದಕ್ಕೆ ಸಾಕು ಎಂಬುದಿಲ್ಲ. ಚಳಿಯಾದಾಗ ಮೈ ಮೊದಲು ಕೈಬಿಡುವುದೂ ಕಾಲ್ಬೆರಳುಗಳನ್ನೇ. ರಕ್ತವನ್ನು ಹೃದಯ, ಶ್ವಾಸಕೋಶಗಳ ಕಡೆಗೆ ಉಳಿಸಿಕೊಳ್ಳುತ್ತದೆ.

ದಪ್ಪ ಅಟ್ಟೆಯ, ನೀರು ಹೋಗದ, ಗಿಣ್ಣು ಮುಚ್ಚುವ ಬೂಟು ಬೇಕು. ಬೆಟ್ಟ ಹತ್ತುವವರ ಸಾಧಾರಣ ಬೂಟು ಸಾಕು, ದುಬಾರಿಯದು ಬೇಡ. ಊರಿನಿಂದಲೇ ತರುವುದಾದರೆ ಬೆಂಗಳೂರಿನ ಡೆಕತ್ಲಾನ್ ಅಂಗಡಿಗಳಲ್ಲಿ ಸಿಗುತ್ತದೆ. ಇಲ್ಲಿಯೂ ಅದೇ ಅಂಗಡಿ ಇದೆ, ಹಾಗಾಗಿ ಸೂಟ್‌ಕೇಸಿನ ತೂಕ ಹೆಚ್ಚಿಸಿಕೊಳ್ಳುವ ಅವಸರವಿಲ್ಲ. ಕೊಳ್ಳುವಾಗ ದಪ್ಪ ಸಾಕ್ಸ್ ಹಾಕಿಕೊಂಡೇ ಹಾಕಿ ನೋಡಿ. ಸಂಜೆ ಹೊತ್ತು ಹೋದರೆ ಇನ್ನೂ ಒಳ್ಳೆಯದು, ಪಾದ ಆಗ ತುಸು ಊದಿರುತ್ತದೆ. ಸಾಮಾನ್ಯ ಅಳತೆಗಿಂತ ಅರ್ಧ ನಂಬರ್ ದೊಡ್ಡದಿರಲಿ. ಒಳಗೆ ಬೆರಳುಗಳನ್ನು ಆಡಿಸಲು ಆಗಬೇಕು. ಆಗದಿದ್ದರೆ ಆ ಬೂಟು ಎಷ್ಟೇ ಚೆನ್ನಾಗಿದ್ದರೂ ಬೇಡ.

ಸಾಕ್ಸ್ ವಿಚಾರದಲ್ಲಿ ಎಲ್ಲರಿಗೂ ಹೊಳೆಯುವ ಉಪಾಯ, ಎರಡು ಜೊತೆ ಹಾಕಿಕೊಳ್ಳುವುದು. ಬೂಟಿನಲ್ಲಿ ಜಾಗ ಇಲ್ಲದಿದ್ದರೆ ಅದು ಉಲ್ಟಾ ಹೊಡೆಯುತ್ತದೆ: ಪಾದ ಬಿಗಿದು ರಕ್ತ ಸಂಚಾರ ಕುಗ್ಗುತ್ತದೆ, ಗಾಳಿ ನಿಲ್ಲುವ ಜಾಗವೂ ಹೋಗುತ್ತದೆ. ಒಂದೇ ಜೊತೆ ದಪ್ಪ ಉಣ್ಣೆಯದು ಸಾಕು. ಮೆರಿನೊ ಎಂಬ ನಯವಾದ ಉಣ್ಣೆಯಾದರೆ ಚುಚ್ಚುವುದಿಲ್ಲ. ಕಾಟನ್ ಬೇಡವೇ ಬೇಡ, ಅದು ಬೆವರನ್ನೂ ಮಳೆಯನ್ನೂ ಹೀರಿ ಪಾದಕ್ಕೆ ಅಂಟಿಕೊಂಡು ಕೂರುತ್ತದೆ. ಉಣ್ಣೆಯಾದರೋ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಕುಡಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಜೋರು ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಾಟಿ ಗದ್ದೆಗೆ ಇಳಿಯುತ್ತಿದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಇಲ್ಲಿ ನಿಮ್ಮ ಸಾಕ್ಸ್ ಮಾಡಬೇಕಾದ್ದು ಆ ಕಂಬಳಿಯ ಕೆಲಸವನ್ನೇ.

ಇನ್ನು ಕಾಸು ಖರ್ಚಿಲ್ಲದ ಉಪಾಯ: ರಟ್ಟು. ಪಾರ್ಸೆಲ್ ಬಂದ ಪೆಟ್ಟಿಗೆಯಿಂದ ಎರಡು ಪಾದ ಇಡುವಷ್ಟು ಅಗಲದ ತುಂಡು ಕತ್ತರಿಸಿ, ಮಡಚಿ ಜರ್ಕಿನ್ನಿನ ಒಳಗೆ ಇಟ್ಟುಕೊಳ್ಳಿ. ಕೂತ ಮೇಲೆ ಕಾಲ ಕೆಳಗೆ ಹಾಸಿ. ರಟ್ಟಿನ ಎರಡು ಪದರಗಳ ನಡುವಿನ ಅಲೆಅಲೆ ಕಾಗದದಲ್ಲಿ ಗಾಳಿ ತುಂಬಿರುತ್ತದೆ, ಕಾಂಕ್ರೀಟಿಗೂ ಬೂಟಿಗೂ ನಡುವೆ ಅದು ಅಡ್ಡ ನಿಲ್ಲುತ್ತದೆ. ನೋಡಲು ತಮಾಷೆಯಾಗಿ ಕಾಣುತ್ತದೆ. ಪಕ್ಕದ ಸೀಟಿನ ಎಪ್ಪತ್ತರ ಅಜ್ಜ ನೋಡಿ ನಕ್ಕರೆ ಅದು ಗೇಲಿಯಲ್ಲ, ಅವರ ಕಾಲ ಕೆಳಗೂ ಒಂದು ಇರುವ ಸಾಧ್ಯತೆ ಇದೆ. ಮಳೆನೀರು ಹರಿಯುವ ಮುಂದಿನ ಸಾಲಾದರೆ ರಟ್ಟು ಹತ್ತು ನಿಮಿಷದಲ್ಲಿ ಮುದ್ದೆಯಾಗುತ್ತದೆ. ಆಗ ಹಳೆಯ ಯೋಗ ಮ್ಯಾಟಿನ ತುಂಡು ಒಯ್ಯಿರಿ. ಮನೆಗೆ ಹೋಗುವಾಗ ಅಲ್ಲೇ ಬಿಟ್ಟು ಹೋಗಬೇಡಿ, ಕಸದ ಬುಟ್ಟಿಗೆ ಹಾಕಿ.

ಹಂತ 3: ಕೂರುವ ಜಾಗ ಮತ್ತು ಕಾಲು

ಯೋಗ ಮ್ಯಾಟಿನದೇ ಇನ್ನೊಂದು ತುಂಡು ಕುರ್ಚಿಯ ಮೇಲೆ ಹಾಸಲು ಬೇಕು. ಬಟ್ಟೆಯ ದಿಂಬು ಒಯ್ಯಬೇಡಿ, ನೀರು ಹೀರುತ್ತದೆ. ಕುರ್ಚಿ ಒರೆಸಲು ಒಂದು ಹಳೆಯ ಟವೆಲ್ ತುಂಡು ಇರಲಿ.

ಜೀನ್ಸ್ ಬಿಡಿ. ಅದೂ ಕಾಟನ್ನೇ, ದಪ್ಪ ಕಾಟನ್. ಒಮ್ಮೆ ನೆನೆದರೆ ಮಲಗುವವರೆಗೂ ಒಣಗುವುದಿಲ್ಲ, ತೊಡೆಯ ಮೇಲೆ ತಣ್ಣೀರ ಪಟ್ಟಿ ಇಟ್ಟುಕೊಂಡು ಎರಡನೇ ಅರ್ಧ ನೋಡಬೇಕಾಗುತ್ತದೆ. ಒಳಗೆ ತೆಳುವಾದ ಥರ್ಮಲ್ ಲೆಗ್ಗಿಂಗ್, ಮೇಲೆ ಬೇಗ ಒಣಗುವ ಟ್ರೆಕ್ಕಿಂಗ್ ಪ್ಯಾಂಟ್, ಜೋರು ಮಳೆ ಇದ್ದರೆ ಅದರ ಮೇಲೆ ರೇನ್ ಪ್ಯಾಂಟ್. ಈ ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಕೂತಾಗ ಜರ್ಕಿನ್ನಿನಿಂದ ಇಳಿದ ನೀರೆಲ್ಲ ನೇರ ತೊಡೆಗೆ ಬರುತ್ತದೆ, ನಿಂತಾಗ ಇಲ್ಲದ ಸಮಸ್ಯೆ ಇದು. ರೇನ್ ಪ್ಯಾಂಟಿನ ಕೆಳತುದಿ ಬೂಟಿನ ಹೊರಗೆ ಬೀಳಬೇಕು. ಬೂಟಿನೊಳಗೆ ಸಿಕ್ಕಿಸಿದರೆ ನೀರೆಲ್ಲ ಪಾದಕ್ಕೆ.

ಊರಿಂದ ಅಮ್ಮನೋ ಅತ್ತೆಯೋ ಬಂದಿದ್ದು, ಅವರನ್ನೂ ಕರೆದುಕೊಂಡು ಹೊರಟಿದ್ದೀರಾ? ಸೀರೆಯ ಅಂಚು ಹಸಿ ಮೆಟ್ಟಿಲುಗಳ ಮೇಲೆ ನೆನೆದು ಗಿಣ್ಣಿಗೆ ಸುತ್ತಿಕೊಳ್ಳುತ್ತದೆ, ಎಡವುವ ಭಯ ಬೇರೆ. ‘ಇವತ್ತೊಂದು ದಿನ ಚೂಡಿದಾರ್ ಹಾಕ್ಕೊಳ್ಳಿ ಅಮ್ಮಾ’ ಎಂದು ಮೊದಲೇ ಒಪ್ಪಿಸಿ, ಒಳಗೆ ಥರ್ಮಲ್ ತೊಡಿಸಿ. ಸೀರೆಯೇ ಆಗಬೇಕೆಂದರೆ ಲಂಗದ ಒಳಗೆ ಉಣ್ಣೆಯ ಲೆಗ್ಗಿಂಗ್, ಕಾಲಿಗೆ ಬೂಟು, ಸೀರೆ ಒಂದು ಗೇಣು ಮೇಲಕ್ಕೆ.

ಹಂತ 4: ಮೈಗೆ ಪದರ ಪದರವಾಗಿ

ಒಂದು ಬಹಳ ದಪ್ಪದ್ದಕ್ಕಿಂತ ಮೂರು ಸಾಧಾರಣದವು ಮೇಲು. ನಡುವೆ ಗಾಳಿ ನಿಲ್ಲುತ್ತದೆ, ಬೇಕಾದಾಗ ತೆಗೆಯಬಹುದು, ಹಾಕಬಹುದು.

ಮೈಗೆ ತಾಗುವ ಪದರ ಬೆವರನ್ನು ಹೊರಕ್ಕೆ ದಾಟಿಸುವಂಥದ್ದಾಗಿರಬೇಕು: ಮೆರಿನೊ ಅಥವಾ ಪಾಲಿಯೆಸ್ಟರ್ ಥರ್ಮಲ್. ಯುನಿಕ್ಲೊ, ಪ್ರೈಮಾರ್ಕ್, ಡೆಕತ್ಲಾನ್ ಎಲ್ಲ ಕಡೆ ಸಿಗುತ್ತದೆ. ಬನಿಯನ್ ಮೇಲೆ ಥರ್ಮಲ್ ಹಾಕುವ ಅಭ್ಯಾಸ ನಮ್ಮ ಗಂಡಸರಿಗೆ ಇದೆ. ಆ ಕಾಟನ್ ಬನಿಯನ್ ಇಡೀ ಏರ್ಪಾಟನ್ನು ಕೆಡಿಸುತ್ತದೆ, ಅವತ್ತು ಅದನ್ನು ಬಿಟ್ಟುಬಿಡಿ. ಎರಡನೆಯದು ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್. ಅಜ್ಜಿ ಹೆಣೆದುಕೊಟ್ಟದ್ದಿದ್ದರೆ ಅದೇ ಆಗಲಿ, ಅಸಲಿ ಉಣ್ಣೆಯೋ ಅಕ್ರಿಲಿಕ್ಕೋ ಒಮ್ಮೆ ನೋಡಿಕೊಳ್ಳಿ. ಕ್ಲಬ್ಬಿನ ಜೆರ್ಸಿ ಹಾಕಲೇಬೇಕು ಅನ್ನುವವರು ಅದನ್ನು ಫ್ಲೀಸಿನ ಮೇಲೆ ಹಾಕಿ, ಎರಡು ಅಳತೆ ದೊಡ್ಡದು ಕೊಳ್ಳಿ. ಮೂರನೆಯದು ಗರಿ ಅಥವಾ ಸಿಂಥೆಟಿಕ್ ತುಂಬಿದ ತೆಳು ಪಫರ್ ಜಾಕೆಟ್. ಗರಿ ಒಣಹವೆಯಲ್ಲಿ ರಾಜ, ನೆನೆದರೆ ಮುದುಡಿ ಕೆಲಸಕ್ಕೆ ಬಾರದು. ಮ್ಯಾಂಚೆಸ್ಟರ್‌ಗೆ ಸಿಂಥೆಟಿಕ್ ತುಂಬಿದ್ದೇ ಸರಿ, ಅಗ್ಗವೂ ಹೌದು.

ಈಗ ಮುಖ್ಯ ಮಾತು. ಇವೆಲ್ಲವನ್ನೂ ಮನೆಯಿಂದಲೇ ಹಾಕಿಕೊಂಡು ಹೊರಡಬೇಡಿ. ತುಂಬಿದ ಟ್ರ್ಯಾಮಿನಲ್ಲಿ ನಿಂತು, ಇಳಿದ ಮೇಲೆ ಜನರ ಜೊತೆ ದಾಪುಗಾಲು ಹಾಕಿ ನಡೆದರೆ ಬೆನ್ನು ಬೆವರುತ್ತದೆ. ಆ ಬೆವರು ಕೂತ ಹತ್ತು ನಿಮಿಷಕ್ಕೆ ತಣ್ಣಗಾಗಿ ಬೆನ್ನಿಗೆ ಅಂಟುತ್ತದೆ, ಆಮೇಲೆ ಏನು ಹೊದ್ದರೂ ಪ್ರಯೋಜನ ಕಡಿಮೆ. ನಡೆಯುವಾಗ ಸ್ವಲ್ಪ ಚಳಿ ಚಳಿ ಅನ್ನಿಸುವಷ್ಟೇ ಹಾಕಿರಿ, ಪಫರನ್ನು ತೋಳಿನ ಮೇಲೆ ಹಿಡಿದುಕೊಳ್ಳಿ, ಜಿಪ್ ತೆರೆದಿಡಿ. ಸೀಟು ತಲುಪಿ ಎರಡು ನಿಮಿಷ ಕಳೆದು, ಮೈ ಇನ್ನೂ ಬೆಚ್ಚಗಿರುವಾಗಲೇ ಎಲ್ಲವನ್ನೂ ಹಾಕಿ ಜಿಪ್ ಏರಿಸಿ. ಚಳಿ ಹತ್ತಿದ ಮೇಲೆ ಹಾಕಿದರೆ ತಡವಾಯಿತು. ಬಟ್ಟೆ ಇರುವ ಶಾಖವನ್ನು ಉಳಿಸಬಲ್ಲದು, ಇಲ್ಲದ್ದನ್ನು ಹುಟ್ಟಿಸಲಾರದು.

ಹಂತ 5: ಹೊರಗಿನ ಹೊದಿಕೆ

‘ವಾಟರ್ ರೆಸಿಸ್ಟೆಂಟ್’ ಎಂದು ಬರೆದದ್ದು ಬಸ್‌ಸ್ಟಾಪಿನಿಂದ ಮನೆಗೆ ಓಡುವವರಿಗೆ. ಎರಡು ಗಂಟೆ ಮಳೆಯಲ್ಲಿ ಕೂರುವವರಿಗೆ ‘ವಾಟರ್‌ಪ್ರೂಫ್’ ಬೇಕು. ಲೇಬಲ್ಲಿನಲ್ಲಿ ಮಿಲಿಮೀಟರ್ ಲೆಕ್ಕ ಇರುತ್ತದೆ: ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೆ ಸೋರುತ್ತದೆ ಎಂಬ ಅಳತೆ ಅದು. 1,500 ಮಿ.ಮೀ. ಕನಿಷ್ಠ ಮಟ್ಟ, 5,000 ಪರವಾಗಿಲ್ಲ, 10,000 ಇದ್ದರೆ ಚಿಂತೆಯಿಲ್ಲ. ಕೂತಾಗ ಮೈಭಾರ ಒದ್ದೆ ಕುರ್ಚಿಯನ್ನು ಒತ್ತುವುದರಿಂದ ಕಡಿಮೆ ಅಂಕಿಯದು ಹಿಂಭಾಗದಲ್ಲೇ ಮೊದಲು ಸೋರುವುದು. ಒಳಗಿನ ಹೊಲಿಗೆಗಳ ಮೇಲೆ ಟೇಪ್ ಅಂಟಿಸಿದೆಯೇ ನೋಡಿ, ಟೇಪ್ ಇಲ್ಲದಿದ್ದರೆ ಸೂಜಿಯ ತೂತಿನಿಂದಲೇ ನೀರು ಬರುತ್ತದೆ. ಉದ್ದ ತೊಡೆಯ ಅರ್ಧದವರೆಗೆ ಬಂದರೆ ಕೂತಾಗ ಒಳ್ಳೆಯದು.

ಇಷ್ಟೆಲ್ಲ ಖರ್ಚು ಬೇಡ ಎನ್ನುವ ವಿದ್ಯಾರ್ಥಿಗಳು ಒಂದೆರಡು ಪೌಂಡಿನ ಪ್ಲಾಸ್ಟಿಕ್ ಪಾಂಚೊ ಕೊಳ್ಳಿ. ಇರುವ ಜರ್ಕಿನ್ನಿನ ಮೇಲೆ, ತೊಡೆಯನ್ನೂ ಮುಚ್ಚುವಂತೆ ಬೀಳುತ್ತದೆ. ಜರ್ಕಿನ್ ಜೊತೆ ಪಾಂಚೊ ಸೇರಿದರೆ ಯಾವ ದುಬಾರಿ ಬ್ರ್ಯಾಂಡಿಗೂ ಕಡಿಮೆಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಟೇಡಿಯಂ ಹೊರಗೆ ಮಾರುವವರ ಹತ್ತಿರ ಬೆಲೆ ಜಾಸ್ತಿ, ಮೊದಲೇ ಕೊಂಡಿಡಿ.

ಇಲ್ಲಿನ ಫುಟ್‌ಬಾಲ್ ಲೋಕದಲ್ಲಿ ಪ್ರಸಿದ್ಧವಾದ ಇನ್ನೊಂದು ಕೋಟು ಇದೆ, ಬಿಬಿಸಿ ವೀಕ್ಷಕ ವಿವರಣೆಕಾರರಾಗಿದ್ದ ಜಾನ್ ಮಾಟ್ಸನ್ ಅವರ ಕುರಿಚರ್ಮದ ಕೋಟು. 1990ರ ಡಿಸೆಂಬರಿನಲ್ಲಿ ವಿಕಂಬ್‌ನ ಮೈದಾನದಲ್ಲಿ ಹಿಮದ ನಡುವೆ ಆ ಕೋಟು ತೊಟ್ಟು ವರದಿ ಮಾಡಿದ ಚಿತ್ರ ಇವತ್ತಿಗೂ ಜನಪ್ರಿಯ. ಹಿಮಕ್ಕೆ ಸರಿ. ಮಳೆಯಲ್ಲಿ ಕುರಿಚರ್ಮ ನೀರು ಕುಡಿದು ಭಾರವಾಗುತ್ತದೆ, ಒಣಗಲು ದಿನಗಟ್ಟಲೆ ಬೇಕು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಕಂಡು ಆಸೆಪಟ್ಟರೆ, ಒಣ ದಿನಕ್ಕೆ ಅಂತ ಇಟ್ಟುಕೊಳ್ಳಿ.

ಕೊಡೆ? ಬೇಡ. ಅನೇಕ ಕ್ಲಬ್‌ಗಳು ದೊಡ್ಡ ಕೊಡೆ ಒಳಗೆ ಬಿಡುವುದಿಲ್ಲ. ಚಿಕ್ಕದನ್ನು ಬಿಟ್ಟರೂ ಸೀಟಿನಲ್ಲಿ ಬಿಚ್ಚಿದಿರೋ, ಹಿಂದಿನ ಸಾಲಿನಿಂದ ಬರುವ ಬೈಗುಳದಲ್ಲಿ ನಿಮ್ಮ ಇಂಗ್ಲಿಷ್ ಪದಸಂಪತ್ತು ಬೆಳೆಯುತ್ತದೆ.

ಬಣ್ಣದ ಕಡೆಗೂ ಗಮನವಿರಲಿ. ಆತಿಥೇಯ ತಂಡದ ಬೆಂಬಲಿಗರ ಸಾಲಿನಲ್ಲಿ ಎದುರಾಳಿಯ ಬಣ್ಣ ತೊಟ್ಟು ಕೂತರೆ ಸ್ಟೇಡಿಯಂ ಸಿಬ್ಬಂದಿಯಾದ ಸ್ಟೀವರ್ಡ್‌ಗಳು ಹೊರಗೆ ಕಳಿಸಬಹುದು, ಟಿಕೆಟ್ ನಿಯಮಗಳಲ್ಲೇ ಅದು ಇರುತ್ತದೆ. ಮ್ಯಾಂಚೆಸ್ಟರ್ ಸಿಟಿ ಮೈದಾನಕ್ಕೆ ಕೆಂಪು ಜರ್ಕಿನ್ ಬೇಡ, ಅದು ಯುನೈಟೆಡ್‌ನ ಬಣ್ಣ. ಕಪ್ಪು, ಬೂದು, ಕಡು ಹಸಿರು ಎಲ್ಲಿಗೂ ನಡೆಯುತ್ತದೆ. ಕೊಳ್ಳುವಾಗಲೇ ಅಂಥದ್ದು ಕೊಂಡರೆ ತಲೆನೋವಿಲ್ಲ.

ಹಂತ 6: ತಲೆ, ಕತ್ತು, ಕೈ

ಕಿವಿ ಮುಚ್ಚುವ ಉಣ್ಣೆಯ ಟೋಪಿ, ಕತ್ತಿಗೆ ಮಫ್ಲರ್. ನಮ್ಮ ಮಂಕಿ ಕ್ಯಾಪ್ ಇದಕ್ಕೆಲ್ಲ ಒಂದೇ ಉತ್ತರ. ಯಾರಾದರೂ ನಗುತ್ತಾರೆಂದು ಸೂಟ್‌ಕೇಸಿನಲ್ಲೇ ಉಳಿಸಬೇಡಿ. ಗೇಟಿನಲ್ಲಿ ಮಾತ್ರ ಮುಖ ಕಾಣುವಂತೆ ಮೇಲೆ ಸರಿಸಿ.

ಕನ್ನಡಕ ಹಾಕುವವರಿಗೆ ಒಂದು ಉಪಾಯ. ಬರೀ ಹುಡ್ ಹಾಕಿಕೊಂಡರೆ ಮಳೆ ಹಣೆಯ ಮೇಲಿಂದ ಕನ್ನಡಕಕ್ಕೆ ಇಳಿಯುತ್ತದೆ; ಹುಡ್ ಮುಂದಕ್ಕೆ ಎಳೆದರೆ ಪಕ್ಕದ್ದು ಕಾಣುವುದಿಲ್ಲ, ಚೆಂಡು ಮೈದಾನದ ಅಂಚಿನ ಕಡೆ ಹೋದಾಗೆಲ್ಲ ಇಡೀ ಮೈ ತಿರುಗಿಸಬೇಕು. ಕ್ರಿಕೆಟ್ ಆಡುವಾಗ ಹಾಕುವಂಥ ಅಂಚಿನ ಕ್ಯಾಪ್ ಮೊದಲು ಹಾಕಿ, ಅದರ ಮೇಲೆ ಹುಡ್ ಏರಿಸಿ ದಾರ ಬಿಗಿಯಿರಿ. ಕ್ಯಾಪಿನ ಅಂಚು ಹುಡ್ಡನ್ನು ಮುಖದಿಂದ ದೂರ ಹಿಡಿಯುತ್ತದೆ, ತಲೆ ತಿರುಗಿಸಿದರೆ ಹುಡ್ಡೂ ಜೊತೆಗೆ ತಿರುಗುತ್ತದೆ, ಗಾಜು ಒಣಗಿಯೇ ಇರುತ್ತದೆ. ಮಫ್ಲರ್ ಮೂಗಿನ ಮೇಲೆ ಬರದಿರಲಿ. ಉಸಿರು ಮೇಲಕ್ಕೆ ಹೋಗಿ ಗಾಜು ಮಂಜಾಗುತ್ತದೆ.

ಕೈಗೆ ಎರಡು ಪದರ: ಒಳಗೆ ಫೋನ್ ಮುಟ್ಟಲು ಬರುವ ತೆಳು ಗ್ಲೌಸ್, ಮೇಲೆ ನೀರು ಹೋಗದ ದಪ್ಪದ್ದು. ಈಗ ಟಿಕೆಟ್ಟೆಲ್ಲ ಫೋನಿನಲ್ಲೇ ಇರುವುದರಿಂದ ಗೇಟಿನ ಮುಂದೆ ಗ್ಲೌಸ್ ಕಳಚುವ ಪರದಾಟ ತಪ್ಪುತ್ತದೆ. ಫೋನನ್ನು ಒಳಜೇಬಿನಲ್ಲಿ, ಮೈಗೆ ಹತ್ತಿರ ಇಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಹಿಂದಿರುಗುವ ಟ್ರ್ಯಾಮ್ ಟಿಕೆಟ್ಟೂ ಅದರಲ್ಲೇ ಇರುತ್ತದೆ.

ಹ್ಯಾಂಡ್ ವಾರ್ಮರ್ ಎಂಬ ಪುಟ್ಟ ಪೊಟ್ಟಣ ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಒಳಗೆ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು ಇರುತ್ತವೆ. ಗಾಳಿ ತಾಗಿದಾಗ ಕಬ್ಬಿಣ ತುಕ್ಕು ಹಿಡಿಯುವಾಗಿನ ಶಾಖವೇ ಅದರ ಬಿಸಿ. ಹಾಗಾಗಿ ಗಾಳಿ ಬೇಕು: ತೆರೆದು ಕಾಲು ಗಂಟೆ ಹೊರಗಿಟ್ಟು ಆಮೇಲೆ ಜೇಬಿಗೆ ಹಾಕಿ. ತೆರೆದ ಕೂಡಲೇ ಬಿಗಿಯಾದ ಬೂಟಿನೊಳಗೆ ತುರುಕಿದರೆ ಉಸಿರು ಕಟ್ಟಿ ತಣ್ಣಗಾಗುತ್ತದೆ. ಬೂಟಿಗೆ ಅಂತಲೇ ಮಾಡಿದ್ದು ಬೇರೆ ಬರುತ್ತದೆ. ಬರಿ ಚರ್ಮಕ್ಕೆ ತಾಗಿಸಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದ ಹಿರಿಯರಿಗೆ ಕಾಲಿಗೆ ಇದನ್ನು ಕೊಡಲೇಬೇಡಿ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಹಂತ 7: ಗೇಟು, ಚೀಲ, ಹಾಫ್ ಟೈಮ್

ಪ್ರೀಮಿಯರ್ ಲೀಗ್‌ನ ಬಹುತೇಕ ಕ್ಲಬ್‌ಗಳಲ್ಲಿ ಎ4 ಕಾಗದಕ್ಕಿಂತ ದೊಡ್ಡ ಚೀಲಕ್ಕೆ ಪ್ರವೇಶವಿಲ್ಲ. ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಒಯ್ಯುವ ಆಸೆಯನ್ನೂ ಹೆಚ್ಚಿನ ಕಡೆ ಗೇಟಿನಲ್ಲೇ ಬಿಡಬೇಕು. ಆದ್ದರಿಂದ ಜೇಬುಗಳೇ ನಿಮ್ಮ ಚೀಲ. ಒಂದು ಜೇಬಿನಲ್ಲಿ ಒಣ ಸಾಕ್ಸ್ ಒಂದು ಜೊತೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ಇನ್ನೊಂದರಲ್ಲಿ ಪಾಂಚೊ, ಟವೆಲ್ ತುಂಡು. ಊರಿನ ಹತ್ತಿರದ ಸಣ್ಣ ಕ್ಲಬ್‌ಗಳಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ, ನಿಂತು ನೋಡುವ ಜಾಗವೂ ಇರುತ್ತದೆ. ಮೊದಲ ಚಳಿಗಾಲದ ಪಂದ್ಯಕ್ಕೆ ಅಂಥ ಕಡೆಗೇ ಹೋಗಿ ಎಂದು ನಾನು ಹೇಳುವುದು.

ಹಾಫ್ ಟೈಮಿನಲ್ಲಿ ಸೀಟಿನಲ್ಲೇ ಮುದುಡಿ ಕೂರಬೇಡಿ. ಎದ್ದು, ಮೆಟ್ಟಿಲು ಇಳಿದು ಹತ್ತಿ ಬಂದರೆ ಹದಿನೈದು ನಿಮಿಷದಲ್ಲಿ ಮೈ ಮತ್ತೆ ಬಿಸಿಯಾಗುತ್ತದೆ. ಚಹಾ ಸಾಲು ಉದ್ದ. ಗೋಲು ತಪ್ಪಿದರೂ ಸರಿ ಅನ್ನುವವರು 40ನೇ ನಿಮಿಷಕ್ಕೇ ಎದ್ದುಹೋಗುತ್ತಾರೆ. ಅಲ್ಲಿ ‘ಬೋವ್ರಿಲ್’ ಎಂಬ ಬಿಸಿ ಪಾನೀಯ ಮಾರುತ್ತಾರೆ, ಇಲ್ಲಿನ ಚಳಿಗಾಲದ ಫುಟ್‌ಬಾಲ್ ಜೊತೆ ಬೆಸೆದುಕೊಂಡಿರುವ ಹಳೆಯ ರುಚಿ. ಸಸ್ಯಾಹಾರಿಗಳು ಗಮನಿಸಿ, ಅದು ದನದ ಮಾಂಸದ ಸಾರ. 2004ರಲ್ಲಿ ಮಾಂಸ ತೆಗೆದು ಯೀಸ್ಟ್‌ನಿಂದ ಮಾಡಿದ್ದರು, 2006ರಲ್ಲಿ ಮತ್ತೆ ಮಾಂಸ ಬಂತು. ಹಳೆಯ ಮಾಹಿತಿ ನಂಬಿ ಕುಡಿಯಬೇಡಿ. ಚೀಸ್ ಅಂಡ್ ಆನಿಯನ್ ಪೈ ಬಹಳ ಕಡೆ ಸಿಗುತ್ತದೆ, ಕೈ ಬೆಚ್ಚಗಿಡಲೂ ಆಗುತ್ತದೆ.

ಬಿಯರ್ ಕುಡಿದರೆ ಚಳಿ ಹೋಗುತ್ತದೆ ಎಂಬುದು ತಪ್ಪು. ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚಗೆ ಅನ್ನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತಿರುತ್ತದೆ. 1985ರ ಕಾಯ್ದೆಯ ಪ್ರಕಾರ ದೊಡ್ಡ ಲೀಗ್‌ಗಳಲ್ಲಿ ಮೈದಾನ ಕಾಣುವ ಜಾಗದಲ್ಲಿ ಕುಡಿಯುವುದೂ ಅಪರಾಧ, ಒಳಗಿನ ಮೊಗಸಾಲೆಯಲ್ಲೇ ಮುಗಿಸಬೇಕು.

ಮಕ್ಕಳು ಜೊತೆಗಿದ್ದರೆ ನಿಮ್ಮ ಚಳಿಯಿಂದ ಅವರ ಚಳಿ ಅಳೆಯಬೇಡಿ, ಸಣ್ಣ ಮೈ ಬೇಗ ತಣ್ಣಗಾಗುತ್ತದೆ. ಅವರಿಗೆ ನಿಮಗಿಂತ ಒಂದು ಪದರ ಹೆಚ್ಚು ಹಾಕಿ. ಆಗಾಗ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಯಾರಿಗೇ ಆಗಲಿ ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ, ಜಿಪ್ ಎಳೆಯಲೂ ಬೆರಳು ಬಾರದಿದ್ದರೆ, ಮಂಕಾಗಿ ಕೂತರೆ, ಅದು ಮೈಯೊಳಗಿನ ತಾಪ 35 ಡಿಗ್ರಿಗಿಂತ ಇಳಿಯುತ್ತಿರುವ ಲಕ್ಷಣವಿರಬಹುದು. ಸ್ಟೀವರ್ಡ್‌ಗೆ ಹೇಳಿ, ಪ್ರತಿ ಸ್ಟೇಡಿಯಂನಲ್ಲೂ ಪ್ರಥಮ ಚಿಕಿತ್ಸೆಯವರು ಇರುತ್ತಾರೆ, ಹೊರಗಾದರೆ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ನಡುಗುತ್ತಿದ್ದವರು ನಡುಕ ನಿಲ್ಲಿಸಿ ಸುಮ್ಮನಾದರೆ ‘ಸುಧಾರಿಸಿತು’ ಎಂದುಕೊಳ್ಳಬೇಡಿ, ಅದು ಇನ್ನೂ ಕೆಟ್ಟದ್ದರ ಸೂಚನೆ.

ಹಂತ 8: ಹಿಂದಿರುಗುವುದು, ಒಣಗಿಸುವುದು

ಕೊನೆಯ ಶಿಳ್ಳೆಯ ನಂತರದ ಒಂದು ಗಂಟೆಗೂ ಬಟ್ಟೆ ಬೇಕು. ಕ್ರಿಸ್‌ಮಸ್ ಮರುದಿನ, ಅಂದರೆ ಡಿಸೆಂಬರ್ 26ರ ‘ಬಾಕ್ಸಿಂಗ್ ಡೇ’ ಫುಟ್‌ಬಾಲ್ ಪಂದ್ಯಕ್ಕೆ ಹೋಗುವವರಂತೂ ಇದನ್ನು ಮರೆಯಬಾರದು. ಅವತ್ತು ಇಂಗ್ಲೆಂಡಿನಲ್ಲಿ ರೈಲು ಹೆಚ್ಚುಕಡಿಮೆ ಓಡುವುದೇ ಇಲ್ಲ, ಬಸ್ಸಿಗೆ ಕಾಯುವುದೋ ನಡೆಯುವುದೋ ಆಗುತ್ತದೆ. ಜೇಬಿನಲ್ಲಿದ್ದ ಒಣ ಸಾಕ್ಸ್ ಈಗ ಹಾಕಿಕೊಳ್ಳಿ. ಬೂಟು ಒಳಗೂ ನೆನೆದಿದ್ದರೆ, ಒಣ ಸಾಕ್ಸಿನ ಮೇಲೆ ಆ ಪ್ಲಾಸ್ಟಿಕ್ ಕವರನ್ನೇ ಸುತ್ತಿ ಬೂಟು ಹಾಕಿ, ಮನೆಯವರೆಗೆ ಸಾಕಾಗುತ್ತದೆ.

ಮನೆಗೆ ಬಂದವರೇ ಮರಗಟ್ಟಿದ ಕಾಲನ್ನು ಹೀಟರಿಗೆ ಒಡ್ಡಬೇಡಿ. ಚಳಿಯಿಂದ ಒಮ್ಮೆಲೇ ಬಿಸಿಗೆ ಹೋದರೆ ಬೆರಳುಗಳು ಕೆಂಪಾಗಿ ಊದಿ, ತುರಿಕೆ ಉರಿ ಶುರುವಾಗುವುದುಂಟು. ಒಣ ಸಾಕ್ಸ್ ಹಾಕಿ, ಕಂಬಳಿಯೊಳಗೆ ನಿಧಾನವಾಗಿ ಬೆಚ್ಚಗಾಗಲು ಬಿಡಿ.

ಬೂಟಿನ ಒಳಹಾಸು ತೆಗೆದು ಬೇರೆ ಇಡಿ, ಒಳಗೆ ದಿನಪತ್ರಿಕೆ ಉಂಡೆ ಮಾಡಿ ತುಂಬಿ, ಎರಡು ಗಂಟೆಗೊಮ್ಮೆ ಬದಲಿಸಿ. ರೇಡಿಯೇಟರ್ ಮೇಲೆ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ. ಬಾಡಿಗೆ ಮನೆಯ ಕೋಣೆಯಲ್ಲಿ ಒದ್ದೆ ಜರ್ಕಿನ್ ನೇತುಹಾಕಿದರೆ ಗೋಡೆಗೆ ಬೂಸ್ಟು ಬರುತ್ತದೆ, ಹಾಗಾಗಿ ಬಚ್ಚಲುಮನೆಯಲ್ಲಿ ಹ್ಯಾಂಗರಿಗೆ ಹಾಕಿ ಎಕ್ಸಾಸ್ಟ್ ಫ್ಯಾನ್ ಓಡಿಸಿ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟನರ್ ಹಾಕಲೇಬೇಡಿ, ನೀರು ತಡೆಯುವ ಲೇಪ ಹಾಳಾಗುತ್ತದೆ. ಮುಂದಿನ ಪಂದ್ಯಕ್ಕೆ ಮೊದಲು ಜರ್ಕಿನ್ನಿನ ಭುಜದ ಮೇಲೆ ಒಂದು ಚಮಚ ನೀರು ಹಾಕಿ ನೋಡಿ. ಮಣಿಮಣಿಯಾಗಿ ಉರುಳಿದರೆ ಸರಿ. ಬಟ್ಟೆ ಕಪ್ಪಾಗಿ ನೀರು ಹರಡಿದರೆ ನಿಕ್‌ವ್ಯಾಕ್ಸ್‌ನಂಥ ದ್ರವ ಹಚ್ಚಿ, ಒಣಗಿಸಿ, ಮತ್ತೊಮ್ಮೆ ಅದೇ ಚಮಚದ ಪರೀಕ್ಷೆ ಮಾಡಿ.